ಎಡಗೈಯ ಟ್ರಯಲ್

ನವೆಂಬರ್ 4, ಸೋಮವಾರ

ಗ್ರಿಪ್ಪರ್ ಇವತ್ತೂ ಕಪ್ ಹಿಂಡಿತು. ಬೆಲ್ಟಿನ ಮೇಲೆ ಬರುವ ಐಸ್‌ಕ್ರೀಂ ಕಪ್ಪನ್ನು ಎತ್ತಿ ಪೆಟ್ಟಿಗೆಯೊಳಗೆ ಇಡಬೇಕು, ಅಷ್ಟೇ ಅದರ ಕೆಲಸ. ತಿಂಗಳುಗಟ್ಟಲೆ ಕೂತು ನಾನು ಡಿಸೈನ್ ಮಾಡಿದ ಯಂತ್ರಕ್ಕೆ ಅಂಗನವಾಡಿಯ ಮಗು ಮಾಡುವಷ್ಟು ಕೆಲಸ ಬರುವುದಿಲ್ಲ. ಗಾಳಿಯ ಒತ್ತಡ ಏರಿಸಿದರೆ ಕಪ್ ನಜ್ಜುಗುಜ್ಜು, ಇಳಿಸಿದರೆ ಜಾರಿ ನೆಲಕ್ಕೆ. ಬೈಕಂಪಾಡಿಯ ಇರುವೆಗಳೆಲ್ಲ ಈಗ ನಮ್ಮ ಶೆಡ್ಡಿನಲ್ಲೇ ಸಂಸಾರ ಹೂಡಿವೆ. ಪ್ರೋಗ್ರಾಂ ಬರೆಯುವ ಶಾಹುಲ್, ನನ್ನ ಪ್ರೋಗ್ರಾಂ ಸರಿ ಉಂಟು, ನಿನ್ನ ಬೆರಳುಗಳದ್ದೇ ತಾಪತ್ರಯ ಎಂದ. ಮೆಕ್ಯಾನಿಕಲ್ ಡಿಸೈನಿನವರ ಹಣೆಬರಹವೇ ಇದು. ಯಂತ್ರ ಓಡಿದರೆ ಪ್ರೋಗ್ರಾಂ ಒಳ್ಳೆಯದು, ನಿಂತರೆ ಡಿಸೈನ್ ಕೆಟ್ಟದ್ದು. ಡಿಸೆಂಬರಿನಲ್ಲಿ ಕಸ್ಟಮರ್ ನೋಡಲು ಬರುತ್ತಾರೆ.

ಬೋಳಾರದ ಮನೆಗೆ ಬಂದರೆ ಅಮ್ಮನ ಮಧ್ಯಾಹ್ನದ ಊಟ ಮುಚ್ಚಿಟ್ಟ ಹಾಗೆಯೇ ಇತ್ತು. ಹಸಿವಿರಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಸ್ಟ್ರೋಕ್ ಆದ ಮೇಲೆ ಮಾತು ಮರಳಿತು, ನಡಿಗೆ ಮರಳಿತು, ಬಲಗೈ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಅಪ್ಪ ಬೋಟಿನಿಂದ ಇಳಿದು ಮನೆಯಲ್ಲಿದ್ದರೆ ಅವರ ಕೈತುತ್ತನ್ನು ಬೈಯುತ್ತ ಬೈಯುತ್ತ ತಿನ್ನುತ್ತಾಳೆ. ಅವರು ಕಡಲಿಗೆ ಹೋದ ಮೇಲೆ ನಾನು ತಿನ್ನಿಸಲು ಹೋದರೆ ಬಾಯಿ ಬಿಡುವುದಿಲ್ಲ. ಮಗಳ ಕೈಯಿಂದ ತಿನ್ನುವಷ್ಟು ಮುದುಕಿ ಆಗಿಲ್ಲವಂತೆ. ಎಡಗೈಯಲ್ಲಿ ತಿನ್ನು ಎಂದರೆ ನಾನು ಹೇಳಬಾರದ್ದೇನೋ ಹೇಳಿದ ಹಾಗೆ ಮುಖ ಮಾಡುತ್ತಾಳೆ. ಬಂದರಿನಲ್ಲಿ ಮೀನು ಮಾರುತ್ತಿದ್ದಾಗ ಎಡಗೈ ಚಾಚಿದ ಗಿರಾಕಿಗೆ ಮೀನು ಕೊಡದ ದಮಯಂತಿ ಇವಳು. ಚಿಕ್ಕಂದಿನಲ್ಲಿ ನನ್ನ ಎಡಗೈ ಬಟ್ಟಲು ಮುಟ್ಟಿದರೆ ಸೌಟಿನ ಹಿಡಿ ಬಂದು ಬೆರಳಿನ ಗಂಟಿಗೆ ಕೂರುತ್ತಿತ್ತು.

ನವೆಂಬರ್ 9, ಶನಿವಾರ

ರಜೆ ಹಾಕಿ ಅಮ್ಮನನ್ನು ಕಂಕನಾಡಿಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆ. ಬೆರಳು ಬಿಡಿಸಿ ಮಡಚಿ ಮಾಡಿಸುವ ಮಗ್ದಲೀನ್ ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. ಬಲಗೈ ಬರಬಹುದು, ಬಾರದೆಯೂ ಇರಬಹುದು, ಅದಕ್ಕೆ ಕಾಯುತ್ತ ಎಡಗೈಯನ್ನೂ ಸುಮ್ಮನೆ ಕೂರಿಸಬೇಡಿ ಎಂದರು. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು, ಯಾರದೋ ಬೇರೆ ಹೆಂಗಸಿನ ವಿಷಯ ಎಂಬ ಹಾಗೆ.

ಸಂಜೆ ಅಶ್ಮಿತಾ ಫೋನ್ ಮಾಡಿದಳು. ಚಿಕ್ಕಮ್ಮನ ಮಗಳು. ಚಿಕ್ಕಮ್ಮ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯಲ್ಲೇ ಬೆಳೆದವಳು, ಅಮ್ಮನ ಕೈತುತ್ತು ಇಲ್ಲದೆ ಒಂದು ಅಗುಳು ಇಳಿಯದ ಹಟಮಾರಿ. ಈಗ ಬಸುರಿ. ಸಂಕ್ರಾಂತಿ ಕಳೆದು, ಜನವರಿ ಹತ್ತೊಂಬತ್ತಕ್ಕೆ ಬಿಜೈಯ ಹಾಲ್‌ನಲ್ಲಿ ಬಯಕೆ, ಅಂದರೆ ಸೀಮಂತ. ಊಟಕ್ಕೆ ಕೂರುವಾಗ ತನ್ನ ಪಕ್ಕದಲ್ಲಿ ದೊಡ್ಡಮ್ಮನೇ ಇರಬೇಕು ಎಂದಳು. ಅಮ್ಮ ಹೂಂ ಹೂಂ ಎಂದು ಫೋನ್ ಇಟ್ಟು, "ನಾನು ಹೋಗುದಿಲ್ಲ" ಎಂದಳು. ಯಾಕೆಂದು ಕೇಳಿದೆ.

"ನೂರು ಜನರ ಎದುರು ನನಗೆ ಯಾರು ತಿನ್ನಿಸುದು? ನೀನಾ?"

ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಖಾರ ಅರ್ಧಕ್ಕರ್ಧ ಇಳಿಯುತ್ತದೆ. ಇರಲಿ. ಅವಳಿಗೆ ಹೋಗುವ ಆಸೆಯಿದೆ, ನನಗೆ ಗೊತ್ತು. ಫೋನ್ ಇಟ್ಟ ಮೇಲೆ ಕಪಾಟು ತೆರೆದು ಹಸಿರು ಸೀರೆಯನ್ನು ಎಡಗೈಯಲ್ಲಿ ಮುಟ್ಟಿ ನೋಡಿ ಮತ್ತೆ ಮುಚ್ಚಿದಳು. ಏನಾದರೂ ಮಾಡಬೇಕು. ಹಿಡಿಯುವ, ಎತ್ತುವ, ಇಡುವ ಕೈಗಳನ್ನು ಮಾಡುವುದೇ ನನ್ನ ಕಸುಬು. ಅಮ್ಮನ ಒಂದು ಕೈಗೆ ಉಪಾಯ ಮಾಡಲು ಬರದಿದ್ದರೆ ಡಿಗ್ರಿ ತೆಗೆದುಕೊಂಡು ಉಪ್ಪು ಹಾಕಿ ನೆಕ್ಕಬೇಕಷ್ಟೆ.

ನವೆಂಬರ್ 19, ಮಂಗಳವಾರ

ಮೊದಲ ಸಾಧನ ತಯಾರು. ಅಂಗೈಗೆ ಸುತ್ತಿಕೊಳ್ಳುವ ಪಟ್ಟಿ, ಅದಕ್ಕೆ ಸಿಕ್ಕಿಸಿದ ಚಮಚ. ಆಫೀಸಿನ 3ಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ತುಂಡುಗಳನ್ನು ತೆಗೆದು, ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿ ತಂದೆ. ಅಮ್ಮ ಸುಮ್ಮನೆ ಕಟ್ಟಿಸಿಕೊಂಡಳು. ನನಗೆ ಒಳಗೊಳಗೇ ಹೆಮ್ಮೆ. ಬಟ್ಟಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಚಮಚವನ್ನು ಮೀನಿನ ಮೇಲೆ ಎರಡು ಸಲ ಆಡಿಸಿ ನನ್ನ ಮುಖ ನೋಡಿದಳು.

"ಮುಳ್ಳು ಹುಡುಕುದು ಹೇಗೆ ಇದರಲ್ಲಿ?"

ನಾನು ಮುಳ್ಳಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮೀನು ಹಿಡಿಯುವವನ ಮಗಳು, ಮೀನು ಮಾರುವವಳ ಮಗಳು, ಮುಳ್ಳನ್ನು ಮರೆತು ಡಿಸೈನ್ ಮಾಡಿದ್ದೇನೆ. ಆಫೀಸಿನಲ್ಲಿ ಹೇಳಿದರೆ ಶಾಹುಲ್ ವರ್ಷವಿಡೀ ಆಡಿಕೊಳ್ಳುತ್ತಾನೆ. ಹೇಳುವುದಿಲ್ಲ.

ನವೆಂಬರ್ 24, ಭಾನುವಾರ

ಎರಡನೆಯದು. ಮೊಣಕೈಯನ್ನು ಕೆಳಗಿನಿಂದ ಎತ್ತಿಹಿಡಿಯುವ ಸ್ಪ್ರಿಂಗು, ಮೇಜಿಗೆ ಕಚ್ಚಿಸುವ ಕಂಬ, ಬೆರಳು ಮಡಚಲು ದಾರ. ಭಾರ, ಉದ್ದ, ಕೋನ ಎಲ್ಲ ಲೆಕ್ಕ ಹಾಕಿ ಮಾಡಿದ್ದು. ನನ್ನ ಕೈಗೆ ಚಂದ ಕೂತಿತು. ಅಮ್ಮನ ಕೈಗೆ ಕಟ್ಟಿದಾಗ ಬೆರಳು ಮಡಚುವ ಬದಲು ಮಣಿಕಟ್ಟು ತಿರುಗಿ, ಬಟ್ಟಲು ಮಗುಚಿ, ಸಾರೆಲ್ಲ ಮಡಿಲಿಗೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಸಾಕು ಮಗಾ" ಎಂದು ಎದ್ದು ಹೋಗಿ ಮಲಗಿದಳು.

ಸಂಜೆ ನೋಡಿದರೆ ನನ್ನ ಕಂಬ ಹಿತ್ತಿಲಲ್ಲಿತ್ತು. ಪಕ್ಕದ ಮನೆಯ ಬೀಫಾತಿಮ್ಮ ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದರು, ಅಮ್ಮನೇ ಕೊಟ್ಟದ್ದಂತೆ. ಹಗಲಿಡೀ ಅಮ್ಮನನ್ನು ವಿಚಾರಿಸಿಕೊಳ್ಳುವವರು ಅವರು, ಬಾಯಿ ಬಿಟ್ಟು ಏನು ಹೇಳಲಿ? ಕಂಬ ಒಂದಿಷ್ಟೂ ಬಾಗಿರಲಿಲ್ಲ. ಅಷ್ಟರ ಮಟ್ಟಿಗೆ ಡಿಸೈನ್ ಸರಿಯಾಗಿದೆ.

ನವೆಂಬರ್ 27, ಬುಧವಾರ

ಗ್ರಿಪ್ಪರಿನ ಬೆರಳುಗಳಿಗೆ ರಬ್ಬರ್ ಅಂಟಿಸಿದೆವು. ಈಗ ಕಪ್ ಹಿಡಿಯುತ್ತದೆ, ಬಿಡುವುದಿಲ್ಲ. ಕಂಪನಿಯ ಮಾಲೀಕರಾದ ಶೈಲೇಶ್ ಸರ್ ಬಂದು ಇಣುಕಿ ನೋಡಿ ಹೋದರು. ಅಮ್ಮ ಇವತ್ತು ಅರ್ಧ ಲೋಟ ಗಂಜಿ.

ಡಿಸೆಂಬರ್ 1, ಭಾನುವಾರ

ಬುದ್ಧಿ ತಡವಾಗಿ ಬಂತು. ಯಾವ ಯಂತ್ರ ಮಾಡುವ ಮೊದಲೂ ಆ ಕೆಲಸ ನಡೆಯುವ ಜಾಗಕ್ಕೆ ಹೋಗಿ ನಿಂತು ನೋಡುತ್ತೇವೆ, ಸಾಧ್ಯವಾದರೆ ನಾವೇ ಮಾಡಿ ನೋಡುತ್ತೇವೆ. ಅಮ್ಮನ ವಿಷಯದಲ್ಲಿ ಮಾತ್ರ ನೇರ ಡ್ರಾಯಿಂಗಿಗೆ ಕೂತೆ. ಹಾಗಾಗಿ ಇವತ್ತು ನನ್ನ ಬಲಗೈಯನ್ನು ಚೂಡಿದಾರದ ಶಾಲಿನಿಂದ ಸೊಂಟಕ್ಕೆ ಬಿಗಿದು ಊಟಕ್ಕೆ ಕೂತೆ. ಟ್ರಯಲ್.

ಅಬ್ಬ, ಎಷ್ಟು ಕಷ್ಟ. ಅನ್ನ ಕಲಸಲು ಹೋದರೆ ಬಟ್ಟಲು ಓಡುತ್ತದೆ. ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲ. ತುತ್ತು ಬಾಯಿಯ ತನಕ ಬಂದು ಗಲ್ಲಕ್ಕೆ ತಾಗುತ್ತದೆ. ಎರಡು ತುತ್ತಿಗೇ ಹಸಿವು ಸತ್ತು ಸಿಟ್ಟು ಬಂತು. ಅಮ್ಮ ಹಸಿವಿಲ್ಲ ಎಂದಾಗ ಅದು ಸುಳ್ಳಲ್ಲ ಎಂದು ಈಗ ತಿಳಿಯಿತು.

ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಂತ ಮಂಗಾಟ ಇದು ಎಂದಳು. ಆಫೀಸಿನ ಕೆಲಸ, ಡೇಟಾ ಬೇಕು ಎಂದೆ. ಎಡಗೈಯಲ್ಲಿ ಉಣ್ಣುವುದಕ್ಕೆ ಸಂಬಳ ಕೊಡುತ್ತಾರಾ ಎಂದು ಗೊಣಗುತ್ತ ಹೋದಳು, ಆದರೆ ಸೌಟು ಹಿಡಿದು ಬರಲಿಲ್ಲ.

ಶೆಡ್ಡಿನಿಂದ ರಬ್ಬರ್ ಶೀಟಿನ ಒಂದು ತುಂಡು ತರಬೇಕು, ಬಟ್ಟಲಿನ ಅಡಿಗೆ.

ಡಿಸೆಂಬರ್ 5, ಗುರುವಾರ

ಬರೆಯಲೇಬೇಕಾದ ದಿನ.

ರಬ್ಬರ್ ಹಾಸಿದ ಮೇಲೆ ಬಟ್ಟಲು ಓಡುವುದು ನಿಂತಿದೆ. ಆದರೂ ನನ್ನ ಅನ್ನ ಬೆರಳ ಸಂದಿಯಿಂದ ಉದುರುತ್ತದೆ. ಇವತ್ತು ರಾತ್ರಿ ಊಟಕ್ಕೆ ಅಮ್ಮ ಎದುರು ಕೂತು ನನ್ನ ಅವಸ್ಥೆ ನೋಡಿ ನೋಡಿ ತಡೆಯಲಾರದೆ, "ಹಾಗಲ್ಲ" ಎಂದಳು. ನನ್ನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಎಡಗೈಯ ಬೆರಳುಗಳಿಂದ ಅನ್ನವನ್ನು ಅಂಚಿಗೆ ಒತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿ ತುತ್ತು ಮಾಡಿ ತೋರಿಸಿದಳು. ದುಂಡಗಿನ ತುತ್ತು, ಒಂದು ಅಗುಳೂ ಕೆಳಗಿಲ್ಲ.

ಒಂದೇ ಸಲಕ್ಕೆ ಬರುವ ವಿದ್ಯೆಯಲ್ಲ ಅದು. ನಾನು ಆಫೀಸಿಗೆ ಹೋದ ಮೇಲೆ, ಬೀಫಾತಿಮ್ಮನೂ ಇಲ್ಲದ ಹೊತ್ತಿನಲ್ಲಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕಲಿತಿದ್ದಾಳೆ. ಕಳ್ಳತನ ಮಾಡಿದ ಹಾಗೆ ಉಂಡಿದ್ದಾಳೆ, ಇಲ್ಲದಿದ್ದರೆ ಉಪವಾಸ ಬಿದ್ದಿದ್ದಾಳೆ. ಕೇಳಲಿಲ್ಲ. ಕೇಳಿದ್ದರೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನನಗೆ ಬರುವುದಿಲ್ಲ, ಇನ್ನೊಮ್ಮೆ ತೋರಿಸು ಎಂದೆ. ತೋರಿಸಿದಳು. ಆ ತುತ್ತನ್ನು ಬಟ್ಟಲಿಗೆ ಹಾಕಲು ಮನಸ್ಸಾಗದೆ ತಾನೇ ತಿಂದಳು. ಹಾಗೆಯೇ ಅರ್ಧ ಬಟ್ಟಲು ಮುಗಿಯಿತು. ನಾನು ಎದ್ದು ಇನ್ನೊಂದಿಷ್ಟು ಅನ್ನ ಬಡಿಸಿಕೊಂಡು ಬಂದೆ, ನನಗೆಂದು ಹೇಳಿ.

ಡಿಸೆಂಬರ್ 10, ಮಂಗಳವಾರ

ಗ್ರಿಪ್ಪರ್ ಸಿಕ್ಕಿತು. ಅಂದರೆ, ಅದರ ರೋಗ ಸಿಕ್ಕಿತು.

ಬೆಳಿಗ್ಗೆ ಬೆಲ್ಟಿನ ಪಕ್ಕ ಕೂತು ಬರಿದೆ ನೋಡುತ್ತಿದ್ದೆ. ಬೆರಳುಗಳು ಮುಟ್ಟುವ ಮೊದಲೇ ಕಪ್ ತುಸು ಸರಿಯುತ್ತದೆ. ಸರಿದದ್ದನ್ನು ನಡುವಿಗೆ ತರಲು ಬೆರಳು ಒತ್ತುತ್ತದೆ, ಒತ್ತಿದ್ದಕ್ಕೆ ಕಪ್ ಹಿಂಡಿಹೋಗುತ್ತದೆ. ನಾವು ತಿಂಗಳಿಂದ ಬೆರಳಿಗೆ ಮದ್ದು ಹಾಕುತ್ತಿದ್ದೇವೆ. ಓಡುತ್ತಿದ್ದದ್ದು ಬಟ್ಟಲು! ಬೆಲ್ಟಿನ ಮೇಲೆ ಕಪ್ಪಿನ ಬುಡ ಸರಿಯಾಗಿ ಕೂರುವಂಥ ಗೂಡುಗಳನ್ನು ಮಾಡಿ ಕೂರಿಸಿದರೆ ಬೆರಳು ಮೆಲ್ಲಗೆ ಮುಟ್ಟಿದರೂ ಸಾಕು. ಶಾಹುಲ್‌ನಿಗೆ ಹೇಳಿದಾಗ ಅವನು ಹಿಂಡಿದ ಕಪ್ಪೊಂದನ್ನು ಕೈಗೆತ್ತಿಕೊಂಡು, "ಇಷ್ಟು ದಿನ ಎಂತ ಮಾಡ್ತಿದ್ದೆವು ಮಾರಾಯ್ತಿ ನಾವು?" ಎಂದ. ನಾವು ಎಂದ. ದೊಡ್ಡ ಮನಸ್ಸು.

ಗೂಡಿನ ಡ್ರಾಯಿಂಗ್ ಸಂಜೆಯೊಳಗೆ ಕಳಿಸಿದೆ. ಮನೆಯಲ್ಲಿ ಟ್ರಯಲ್ ಮುಂದುವರಿದಿದೆ. ಶಾಲು ಕಟ್ಟಿಕೊಳ್ಳಲು ಮರೆತೆ, ಆದರೂ ಬಲಗೈ ಮಡಿಲಲ್ಲೇ ಇತ್ತು, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅಮ್ಮ ಈಗ ನನ್ನ ಜೊತೆಗೇ ಬಟ್ಟಲು ಹಾಕಿಕೊಂಡು ಕೂರುತ್ತಾಳೆ, ನನ್ನ ತಪ್ಪು ತಿದ್ದಲು.

ಡಿಸೆಂಬರ್ 17, ಮಂಗಳವಾರ

ಕಸ್ಟಮರ್ ಬಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಯಂತ್ರ ನಿಲ್ಲದೆ ಓಡಿತು. ಒಂದೇ ಒಂದು ಕಪ್ ಹಿಂಡಲಿಲ್ಲ. ಬೆರಳುಗಳು ಬಂದು, ಮುಟ್ಟಿ, ಎತ್ತಿ, ಇಡುವುದನ್ನು ನೋಡುತ್ತ ನಿಂತವಳಿಗೆ ಕಣ್ಣಲ್ಲಿ ನೀರು ಬಂತು. ಕಬ್ಬಿಣಕ್ಕೆ ಅಷ್ಟು ನಯ ಬರುತ್ತದೆಂದು ನಾನೇ ನಂಬಿರಲಿಲ್ಲ. ಶೈಲೇಶ್ ಸರ್ ಎಲ್ಲರಿಗೂ ಬಿರಿಯಾನಿ ತರಿಸಿದರು. ಶಾಹುಲ್ ನನ್ನ ಎದುರು ಕೂತು ನನ್ನ ತಟ್ಟೆಯ ಕಡೆ ವಿಚಿತ್ರವಾಗಿ ನೋಡುತ್ತಿದ್ದ. ಎಂತ ಎಂದು ಕೇಳುವಷ್ಟರಲ್ಲಿ ಅವನಿಗೆ ಫೋನ್ ಬಂತು. ನನ್ನ ಪಾಲಿನ ಮೊಟ್ಟೆಯ ಮೇಲೆ ಕಣ್ಣಿರಬೇಕು.

ಡಿಸೆಂಬರ್ 29, ಭಾನುವಾರ

ಅಪ್ಪ ಬಂದಿದ್ದಾರೆ. ಕಡಲಲ್ಲಿ ಮೀನು ಕಡಿಮೆಯಂತೆ, ಗಡ್ಡ ಮಾತ್ರ ಹುಲುಸಾಗಿದೆ. ಊಟಕ್ಕೆ ಎಂದಿನಂತೆ ಅಮ್ಮನಿಗೆ ತಿನ್ನಿಸಲು ಕೈ ತೊಳೆದು ಬಂದರೆ ಅಮ್ಮ ತಾನೇ ಕಲಸಿ ಉಣ್ಣುತ್ತಿದ್ದಳು. ಅಪ್ಪ ನಿಂತೇ ನೋಡಿದರು. ನಂತರ ನನ್ನ ಎಡಕ್ಕೆ ಕೂತು, ಎರಡು ತುತ್ತಾದ ಮೇಲೆ ಬಟ್ಟಲು ಎತ್ತಿಕೊಂಡು ಬಲಕ್ಕೆ ಹೋಗಿ ಕೂತರು. ಮೊಣಕೈಗೆ ಮೊಣಕೈ ತಾಗುತ್ತದಂತೆ. ಊಟ ಮುಗಿದ ಮೇಲೆ ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೊರಗೆ ಹೋದರು. ಅಂಗಾರ ಎಂಬ ಈ ಮನುಷ್ಯ ನನ್ನ ತಲೆ ಮುಟ್ಟಿದ್ದು ಇಂಜಿನಿಯರಿಂಗ್ ಪಾಸಾದ ದಿನ, ಬಿಟ್ಟರೆ ಇವತ್ತು. ಯಂತ್ರ ಪಾಸಾದ ಸುದ್ದಿ ಅಮ್ಮ ಹೇಳಿರಬೇಕು.

ಸಾಧನದ ಡ್ರಾಯಿಂಗ್ ತೆರೆದು ನೋಡಿಯೇ ಇಲ್ಲ. ಸೋಮಾರಿತನ.

ಜನವರಿ 12, ಭಾನುವಾರ

ಬಯಕೆಗೆ ಇನ್ನೊಂದು ವಾರ. ಅಮ್ಮ ಬರಲು ಒಪ್ಪಿದ್ದಾಳೆ, ಷರತ್ತು ಹಾಕಿ. ಅಶ್ಮಿತಾಳ ಪಕ್ಕ ಕೂರುತ್ತಾಳಂತೆ, ಎಲೆಗೆ ಕೈ ಹಾಕುವುದಿಲ್ಲವಂತೆ. ಹೊಟ್ಟೆ ಸರಿಯಿಲ್ಲ ಎಂದು ಹೇಳುತ್ತಾಳಂತೆ. ಮನೆಯಲ್ಲಿ ಉಣ್ಣುತ್ತಿದ್ದಾಳಲ್ಲ ಎಂದೆ.

"ಮನೆ ಬೇರೆ. ಬಯಕೆಗೆ ಕೂತ ಹುಡುಗಿಯ ಪಕ್ಕ ಎಡಗೈಯಲ್ಲಿ ಉಂಡರೆ ಅಪಶಕುನ ಅಂತ ನಾಲ್ಕು ಜನ ಹೇಳ್ತಾರೆ. ನಾಳೆ ಮಗುವಿಗೆ ಒಂದು ಶೀತ ಆದ್ರೂ ನನ್ನ ಕೈಯ ಮೇಲೆ ಬರ್ತದೆ."

ಹಾಗೇನಿಲ್ಲ ಎಂದು ಹೇಳಬಹುದಿತ್ತು. ಆದರೆ ಬೇರೆಯವರ ಬಗ್ಗೆ ಹೀಗೆ ಹೇಳುವವರ ಸಾಲಿನಲ್ಲಿ ಮೂರು ತಿಂಗಳ ಹಿಂದೆ ಅಮ್ಮನೇ ಮೊದಲಿಗಳಾಗಿದ್ದಳು. ಅದು ಅವಳಿಗೂ ಗೊತ್ತು. ಬಾಳೆಲೆಯ ಅಡಿಗೆ ರಬ್ಬರ್ ಹಾಸಿ ಏನು ಪ್ರಯೋಜನ? ನನ್ನ ಹತ್ತಿರ ಇದಕ್ಕೆ ಡಿಸೈನ್ ಇಲ್ಲ. ಕೈಗೆ ಮಾಡಬಹುದು, ನಾಲ್ಕು ಜನರ ಬಾಯಿಗೆ ಮಾಡಲಾಗುವುದಿಲ್ಲ. ಬೇಜಾರಾಗಿದೆ.

ಜನವರಿ 19, ಭಾನುವಾರ

ಮನೆಗೆ ಬಂದು ಕಾಲು ತೊಳೆದು ನೇರ ಬರೆಯಲು ಕೂತಿದ್ದೇನೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಅಮ್ಮನಿಗೆ ಹಸಿರು ಸೀರೆ ಉಡಿಸಿದೆ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹಾಲ್‌ನಲ್ಲಿ ಅಶ್ಮಿತಾ ಹೂವು, ಬಳೆ, ಬೆವರು ಎಲ್ಲ ಹೇರಿಕೊಂಡು ಕೂತಿದ್ದಳು. ದೊಡ್ಡಮ್ಮನನ್ನು ನೋಡಿದ್ದೇ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಅಮ್ಮನ ಈಚೆಗೆ ನಾನು. ಎಲೆ ಬಂತು, ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು ಬಂತು. ಅಮ್ಮ ಮೊದಲೇ ಹೇಳಿದ ಹಾಗೆ ಹೊಟ್ಟೆಯ ನೆಪ ಹೇಳಿ, ಎಲೆ ನೋಡುತ್ತ ಸುಮ್ಮನೆ ಕೂತಳು. ನನಗೆ ಬೆಳಿಗ್ಗೆಯಿಂದ ಏನೂ ತಿನ್ನದೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅನ್ನವನ್ನು ಅಂಚಿಗೆ ಒತ್ತಿ, ಹೆಬ್ಬೆರಳಿನಿಂದ ಉರುಳಿಸಿ, ತಿನ್ನತೊಡಗಿದೆ.

ಎದುರು ಸಾಲಿನಿಂದ ಉಚ್ಚಿಲದ ಅತ್ತೆ ಕರೆದರು. "ಎಂತ ಹರ್ಷಿತಾ ಇದು, ಎಡಗೈಯಲ್ಲಿ ಊಟ? ಬಯಕೆಯ ದಿನ?"

ನಾನು ಎಲೆಯ ಕಡೆ ನೋಡಿದೆ. ಹೌದು, ಎಡಗೈ. ಬಲಗೈ ಮಡಿಲಲ್ಲಿ ಮಲಗಿತ್ತು, ಒಣಗಿಕೊಂಡು, ಚೊಕ್ಕಟವಾಗಿ. ದೇವರಾಣೆಗೂ ನನಗೆ ಗೊತ್ತೇ ಇರಲಿಲ್ಲ. ಟ್ರಯಲ್ ನಿಲ್ಲಿಸಿದ್ದು ಯಾವಾಗ ಎಂದು ಯೋಚಿಸಿದೆ, ನಿಲ್ಲಿಸಿದ ನೆನಪಿಲ್ಲ. ಸಾಲಿನ ಹೆಂಗಸರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಯಿತು. ಕೈ ತೊಳೆದು ಬರಲು ಎದ್ದೆ.

ಅಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಅವಳೂ ನನ್ನ ಕೈಯನ್ನೇ ನೋಡುತ್ತಿದ್ದಳು, ಬಹಳ ಹೊತ್ತು, ಮೊದಲ ಸಲ ನೋಡುವವಳ ಹಾಗೆ. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ನನ್ನ ಬಲಗೈ ಹೋಗಿದೆ ಅಕ್ಕ. ಇವಳು ನನ್ನೊಟ್ಟಿಗೆ ಹೀಗೆ ಉಣ್ಣುದು. ನಾನೇ ಕಲಿಸಿದ್ದು."

ಸ್ಟ್ರೋಕ್ ಆದಂದಿನಿಂದ ಈ ಮಾತನ್ನು ಅವಳು ಯಾರ ಎದುರೂ ಆಡಿರಲಿಲ್ಲ. ಬಂದರಿನಲ್ಲಿ ಬಂಗುಡೆಯ ರೇಟು ಕೂಗುತ್ತಿದ್ದ ಸ್ವರದಲ್ಲೇ ಹೇಳಿದಳು, ಇಡೀ ಹಾಲ್‌ಗೆ ಕೇಳುವ ಹಾಗೆ. ಹೇಳಿ, ಎಡಗೈಯನ್ನು ಎಲೆಗೆ ಹಾಕಿದಳು. ಅನ್ನ ಕಲಸಿ ದುಂಡಗಿನ ತುತ್ತು ಮಾಡಿ ಎತ್ತುವಷ್ಟರಲ್ಲಿ ಅಶ್ಮಿತಾ ಈ ಕಡೆ ತಿರುಗಿ, "ದೊಡ್ಡಮ್ಮ, ನನಗೆ" ಎಂದು ಬಾಯಿ ತೆರೆದಳು.

ಅಮ್ಮನ ಕೈ ಗಾಳಿಯಲ್ಲಿ ನಿಂತಿತು. ಬೇಡ ಮಗಾ, ಈ ಕೈಯಲ್ಲಿ ಬೇಡ, ಇವತ್ತು ಬೇಡ ಎಂದು ಮೆಲ್ಲಗೆ ಹೇಳಿದಳು. ಅಶ್ಮಿತಾ ಬಾಯಿ ಮುಚ್ಚಲಿಲ್ಲ. ಚಿಕ್ಕಂದಿನ ಅದೇ ಹಟ. ಬಡಿಸುವವರು ಪಾಯಸದ ಬಾಲ್ದಿ ಹಿಡಿದು ಹಾಗೆಯೇ ನಿಂತಿದ್ದರು. ಕೊನೆಗೆ ಅಮ್ಮ ತುತ್ತನ್ನು ಅವಳ ಬಾಯಿಗಿಟ್ಟಳು. ಒಂದು ಅಗುಳೂ ಬೀಳಲಿಲ್ಲ. ಉಚ್ಚಿಲದ ಅತ್ತೆ ಕಣ್ಣೊರೆಸಿಕೊಂಡು, ತನಗೆ ಇನ್ನೂ ಸ್ವಲ್ಪ ಪಲ್ಯ ಹಾಕಿ ಎಂದು ಬಡಿಸುವವರಿಗೆ ಹೇಳಿದರು. ಅಮ್ಮ ಎಲೆಯಲ್ಲಿ ಏನೂ ಬಿಡದೆ ಉಂಡಳು, ಪಾಯಸ ಎರಡು ಸಲ ಹಾಕಿಸಿಕೊಂಡಳು.

ಬರುವಾಗ ರಿಕ್ಷಾದಲ್ಲಿ, ನೀನು ಬೇಕಂತಲೇ ಮಾಡಿದ್ದಾ ಎಂದು ಕೇಳಿದಳು. ಇಲ್ಲಮ್ಮ, ಮರೆತೇಹೋಗಿತ್ತು ಎಂದೆ. ನಿಜವನ್ನೇ ಹೇಳಿದ್ದು. ಅದಕ್ಕೆ ಅಳುವುದು ಯಾಕೋ, ಹೊರಗೆ ನೋಡುತ್ತ ಕಣ್ಣೀರು ಸುರಿಸಿದಳು. ಆಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಸೆರಗಿನೊಳಗಿಂದ ತೆಗೆದು ನನ್ನ ಮಡಿಲಲ್ಲಿ ಇಟ್ಟಳು. ಮನೆ ಬರುವವರೆಗೂ ಅಲ್ಲೇ ಇತ್ತು. ಬೆಚ್ಚಗಿತ್ತು.

ಟ್ರಯಲ್ ಮುಗಿಯಿತೆಂದು ಬರೆಯಬೇಕು. ನಾಳೆಯಿಂದ ಬಲಗೈಯಲ್ಲೇ ಊಟ ಮಾಡಬೇಕು, ಇಲ್ಲದಿದ್ದರೆ ಆಫೀಸಿನಲ್ಲೂ ಮಾನ ಹೋದೀತು. ಶಾಹುಲ್ ಅವತ್ತು ನೋಡಿದ್ದು ಮೊಟ್ಟೆಯನ್ನಲ್ಲ. ಆದರೆ ನಾಳೆ ಅಮ್ಮ ಬಂಗುಡೆ ಸಾರು ಮಾಡಿಸುತ್ತಾಳಂತೆ. ಎಡಗೈಯಲ್ಲಿ ಮುಳ್ಳು ಬಿಡಿಸುವುದು ನನಗಿನ್ನೂ ಸರಿಯಾಗಿ ಬರುವುದಿಲ್ಲ. ಅದೊಂದನ್ನು ಅವಳಿಂದ ಕಲಿತ ಮೇಲೆ ನೋಡೋಣ.